ಮಗ್ಗ ನಿಲ್ಲಿಸುವ ಹೊತ್ತು

3 ಅಕ್ಟೋಬರ್ 2024, ಗುರುವಾರ

ಬಂದ ಭಾಗ್ಯವನ್ನು ಕಾಲಲ್ಲಿ ಒದೆಯುವುದು ಅಂದರೆ ಏನೆಂದು ಇವತ್ತು ಕಣ್ಣಾರೆ ಕಂಡೆ. ಒದ್ದವರು ನಮ್ಮ ಯಜಮಾನರೇ. ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, "ಮನಸ್ಸಲ್ಲಿರೋದನ್ನ ಒಳಗೇ ಇಟ್ಕೋಬೇಡಿ, ಬರೀರಿ" ಅಂದಿದ್ದರು. ಸರಿ, ಬರೆಯುತ್ತೇನೆ. ಇವತ್ತಿನದನ್ನು ಬರೆಯದಿದ್ದರೆ ತಲೆ ಸಿಡಿದು ಹೋಗುತ್ತದೆ.

ಬೆಳಿಗ್ಗೆ ನಮ್ಮ ವಾರ್ಡಿನ ನಗರಸಭೆ ಸದಸ್ಯ ಮುನಿಕೃಷ್ಣ ಅವರು ಮನೆಗೇ ಬಂದರು. ಇವರು ದೊಡ್ಡಬಳ್ಳಾಪುರದ ಚರ್ಚಿಗೆ ಸಭಾಪಾಲಕರಾಗಿ ಬಂದ ಮೇಲೆ ಅಂಥವರೊಬ್ಬರು ನಮ್ಮ ಹೊಸ್ತಿಲು ತುಳಿದದ್ದು ಇದೇ ಮೊದಲು. ನಾನು ಒಳ್ಳೆಯ ಲೋಟ ತೆಗೆದು ಕಾಫಿಗೆ ಇಟ್ಟೆ.

"ಅಯ್ನೋರೇ, ರಾಜ್ಯೋತ್ಸವದ ದಿನ ಸಮುದಾಯ ಭವನ ಓಪನಿಂಗು. ಪೂಜಾರ್ರು ಹೋಮ ಮಾಡ್ತಾರೆ, ಮೌಲ್ವಿಗಳು ಬರ್ತಾರೆ. ನೀವೂ ಸ್ಟೇಜ್ ಮೇಲೆ ನಿಂತು ಒಂದು ಪ್ರಾರ್ಥನೆ ಮಾಡ್ಬಿಡಿ. ಚರ್ಚಲ್ಲಿ ಹಾಕ್ತೀರಲ್ಲ, ಆ ಬಿಳಿ ಅಂಗಿ ಹಾಕ್ಕೊಂಡೇ ಬರ್ಬೇಕು ಮತ್ತೆ. ಫೋಟೋದಲ್ಲಿ ಗೊತ್ತಾಗ್ಬೇಕಲ್ವಾ, ಎಲ್ಲಾ ಧರ್ಮದೋರೂ ಅವ್ರೆ ಅಂತ. ಅಲ್ಲೇ ನಿಮ್ಮ ಸಮಾಧಿ ಜಾಗದ ರಸ್ತೇನೂ ಅನೌನ್ಸ್ ಮಾಡಿಸ್ತೀನಿ" ಅಂದರು.

ರಸ್ತೆ ಅಂದಾಗ ನನ್ನ ಕೈಯಲ್ಲಿದ್ದ ಸಕ್ಕರೆ ಚಮಚ ಹಾಗೇ ನಿಂತಿತು. ನಮ್ಮ ಸಭೆಯ ಸಮಾಧಿ ಜಾಗ ಊರಾಚೆ ಕೆರೆಯ ಹಿಂದೆ ಇದೆ. ಅದಕ್ಕೆ ದಾರಿಯೇ ಇಲ್ಲ. ಯಾರಾದರೂ ತೀರಿಕೊಂಡರೆ ಪೆಟ್ಟಿಗೆ ಹೊತ್ತು ಪಕ್ಕದ ಮನೆ ವೆಂಕಟರಮಣಪ್ಪನವರ ಹೊಲ ದಾಟಬೇಕು. ಅವರು ಒಂದು ದಿನವೂ ಬೇಡ ಅಂದವರಲ್ಲ. ಆದರೂ ಒಬ್ಬರ ದಯೆಯ ಮೇಲೆ ಎಷ್ಟು ದಿನ? ಕೆರೆ ಏರಿಯ ಮೇಲೆ ಒಂದು ರಸ್ತೆ ಆಗಲಿ ಅಂತ ಕಮಿಟಿಯವರು ಕೇಳುತ್ತಲೇ ಬಂದಿದ್ದಾರೆ.

ಇವರು ಏನು ಹೇಳಬೇಕಿತ್ತು? ಆಗಲಿ ಸಾರ್ ಅನ್ನಬೇಕಿತ್ತು. ಬದಲಿಗೆ ಹೇಳಿದ್ದು ಇದು: "ರಸ್ತೆ ಬೇಕು ಸಾರ್. ಆದ್ರೆ ಪ್ರಾರ್ಥನೆ ಮಾಡಿದ್ದಕ್ಕೆ ಅಂತ ಬೇಡ. ಕಂದಾಯ ಕಟ್ಟೋ ಜನಕ್ಕೆ ಕೊಡೋ ಹಾಗೆ ಕೊಡಿ. ನಗರಸಭೆ ಕಟ್ಟಡ ಎಲ್ಲಾರ್ದೂ. ಅದಕ್ಕೆ ನನ್ನ ಪ್ರಾರ್ಥನೆ ಬೇಡ, ಯಾರ್ದೂ ಬೇಡ. ಬಾಗಿಲು ತೆಗೀರಿ, ಜನ ಒಳಗೆ ಬರ್ಲಿ, ಸಾಕು."

"ಯಾರ್ದೂ ಬೇಡ ಅಂದ್ರೆ? ಪೂಜೆನೂ ಬೇಡ್ವಾ?"

"ಪೂಜೆ ಗುಡೀಲಿ ಆಗ್ಲಿ. ನಾನೇ ಬಂದು ಪ್ರಸಾದ ತಿಂತೀನಿ."

ಮುನಿಕೃಷ್ಣ ನಕ್ಕರು. ಆದರೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ಅರ್ಧ ಲೋಟ ನೋಡಿದಾಗಿನಿಂದ ನನ್ನ ಎದೆ ಢವಢವ ಅನ್ನುತ್ತಿದೆ. ಹೋದ ಕ್ರಿಸ್ಮಸ್ಸಿಗೆ ನಗರಸಭೆ ಕಚೇರಿಯ ಮೇಲೆ ನಕ್ಷತ್ರದ ದೀಪ ಹಾಕಿಸುತ್ತೇವೆ ಅಂದಾಗಲೂ ಇವರು ಹೀಗೇ ಬೇಡ ಅಂದಿದ್ದರು. ಸರ್ಕಾರ ಬೇರೆ, ಸಭೆ ಬೇರೆ ಅಂತ ಇವರದೊಂದು ಹಾಡು. ಹಿಂದಿನ ಊರಿನಲ್ಲಿ ಯಾರೋ ಕಲ್ಲೆಸೆದು ನಮ್ಮ ದೇವಾಲಯದ ಕಿಟಕಿಯ ಗಾಜು ಒಡೆದ ಸದ್ದು ಇವರು ಮರೆತಿರಬಹುದು, ನಾನು ಮರೆತಿಲ್ಲ.

6 ಅಕ್ಟೋಬರ್, ಭಾನುವಾರ

ಆರಾಧನೆ ಮುಗಿದ ಮೇಲೆ ನಮ್ಮವರೇ ಇವರನ್ನು ಮುತ್ತಿಕೊಂಡರು. ಸುದ್ದಿ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಕಮಿಟಿ ಕಾರ್ಯದರ್ಶಿ ಪ್ರಭುದಾಸ್ ಅವರಿಗೆ ಕಣ್ಣಲ್ಲಿ ನೀರೇ ಬಂತು. "ಅಯ್ನೋರೇ, ನಮ್ಮ ತಾತನ ಕಾಲದಿಂದ ಈ ಊರಲ್ಲಿದ್ದೀವಿ. ಒಂದ್ ದಿನ ಯಾರಾದ್ರೂ ಸ್ಟೇಜಿಗೆ ಕರ್ದಿದ್ರಾ? ಮೊದಲ್ನೇ ಸಲ ಕರೆದ್ರು. ನೀವು ಬರಲ್ಲ ಅಂದ್ರಿ!"

"ಪ್ರಭುದಾಸ್, ಸ್ಟೇಜ್ ಮೇಲೆ ಮೂರು ಜನ ಪ್ರಾರ್ಥನೆ ಮಾಡಿದ್ರೆ, ನಾಲ್ಕನೇ ದೇವ್ರನ್ನ ನಂಬೋನು ಎಲ್ಲಿ ನಿಲ್ಬೇಕು? ದೇವರೇ ಇಲ್ಲ ಅನ್ನೋನು ಎಲ್ಲಿ ನಿಲ್ಬೇಕು? ಅವರೂ ಆ ಕಟ್ಟಡಕ್ಕೆ ಕಂದಾಯ ಕಟ್ಟಿಲ್ವಾ?"

"ಅವ್ರ ಚಿಂತೆ ನಿಮಗ್ಯಾಕೆ? ನಿಮ್ಮ ಕುರಿಗಳ ಚಿಂತೆ ಮಾಡಿ!"

ನಾನು ಮನಸ್ಸಿನಲ್ಲಿ ಪ್ರಭುದಾಸ್ ಅವರ ಪರವೇ ಇದ್ದೆ. ಎಸ್ತೇರಮ್ಮಜ್ಜಿ ಮಾತ್ರ ಮುಂದಿನ ಬೆಂಚಿನಲ್ಲಿ ಕೂತು, ಇದ್ಯಾವುದೂ ಕೇಳಿಸದವರ ಹಾಗೆ ತಮ್ಮ ಬೈಬಲ್ಲಿಗೆ ಬಟ್ಟೆ ಸುತ್ತುತ್ತಿದ್ದರು. ನಮ್ಮ ಸಭೆಗೆ ಅವರೇ ಹಿರಿಯರು.

ಇವತ್ತು ಒಂದೇ ಒಂದು ಸಮಾಧಾನ ಅಂದರೆ ವೆಂಕಟರಮಣಪ್ಪನವರ ಮಗ್ಗಗಳು ಎಂದಿನಂತೆ ನಿಂತಿದ್ದವು. ದೇವಾಲಯದ ಗೋಡೆಗೆ ಅಂಟಿಕೊಂಡೇ ಅವರ ಪವರ್‌ಲೂಮ್ ಶೆಡ್ ಇದೆ. ವಾರವೆಲ್ಲ ಟಕಾಟಕ್ ಟಕಾಟಕ್, ನಮ್ಮ ಅಡುಗೆ ಮನೆಯ ಲೋಟಗಳೂ ಅದರ ಜೊತೆ ನಡುಗುತ್ತವೆ. ಭಾನುವಾರ ನಮ್ಮ ಗಂಟೆ ಹೊಡೆದ ಕೂಡಲೇ ಅವರು ಮಗ್ಗ ನಿಲ್ಲಿಸುತ್ತಾರೆ. ಆರಾಧನೆ ಮುಗಿದು ಮಕ್ಕಳು ಹೊರಗೆ ಓಡಿ ಬಂದ ಮೇಲೆಯೇ ಮತ್ತೆ ಶುರು. ಅವರ ತಂದೆಯ ಕಾಲದಿಂದಲೂ ಹೀಗೇ. ಯಾರೂ ಕೇಳಿದ್ದಲ್ಲ, ಬರೆದುಕೊಟ್ಟದ್ದೂ ಅಲ್ಲ.

9 ಅಕ್ಟೋಬರ್, ಬುಧವಾರ

ತರಕಾರಿ ತರಲು ಹೋಗಿದ್ದೆ. ಸೊಪ್ಪು ಮಾರುವವಳು ಕೊತ್ತಂಬರಿ ಕಟ್ಟು ಕೊಡುತ್ತಾ, "ಏನಮ್ಮ, ನಿಮ್ಮೆಜಮಾನ್ರು ಹೊಸ ಭವನಕ್ಕೆ ಪೂಜೆ ಮಾಡಂಗಿಲ್ಲ ಅಂದ್ರಂತೆ?" ಅಂದಳು. ಸಿಟ್ಟಿನಿಂದ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಆದರೂ ನಾನು ಚಿಲ್ಲರೆ ಇಸಿದುಕೊಳ್ಳದೆ ಹೊರಟುಬಿಟ್ಟೆ. ಇವರು ತಮ್ಮ ಪ್ರಾರ್ಥನೆಯೂ ಬೇಡ ಅಂದದ್ದು ಬೀದಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಪೂಜೆ ಬೇಡ ಅನ್ನುವುದಷ್ಟೇ ಊರು ಸುತ್ತುತ್ತಿದೆ.

ಮನೆಗೆ ಬಂದು ಗೇಟಿನ ಚಿಲಕ ಹಾಕಿದೆ. ಮತ್ತೆ ಹೋಗಿ ಹಾಕಿದೆಯೋ ಇಲ್ಲವೋ ನೋಡಿದೆ. ಇವರಿಗೆ ಹೇಳಿದರೆ, "ಕೇಳಿದೋರ್ಗೆ ಸರಿಯಾಗಿ ಹೇಳು, ಅಷ್ಟೇ" ಅಂದರು. ಅಷ್ಟೇ ಅಂತೆ! ಸೊಪ್ಪಿನ ಅಂಗಡಿ ಮುಂದೆ ನಿಂತು ನಾನು ಭಾಷಣ ಮಾಡಲೇ?

11 ಅಕ್ಟೋಬರ್, ಶುಕ್ರವಾರ

ಆಯುಧಪೂಜೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳಿಗೆ ಬಾಳೆಕಂದು ಕಟ್ಟಿ ಪೂಜೆ ಮಾಡಿದರು. ಕುಂಬಳಕಾಯಿ ಒಡೆದ ಸದ್ದು ಕೇಳಿಸಿತು. ಪ್ರತಿ ವರ್ಷ ವೆಂಕಟರಮಣಪ್ಪನವರ ಹೆಂಡತಿ ಅಂಜನಮ್ಮ ಗೋಡೆಯ ಮೇಲಿಂದಲೇ ಕಡ್ಲೆಪುರಿ, ಬೂಂದಿ ಕೊಡುತ್ತಾರೆ. ನಮಗಿಂತ ಮುಂಚೆ ಇಲ್ಲಿದ್ದ ಅಯ್ಯನವರು ಪೂಜೆಯದು ಅಂತ ಮುಟ್ಟುತ್ತಿರಲಿಲ್ಲವಂತೆ. ಇವರು ಎರಡೂ ಕೈ ಒಡ್ಡಿ ಇಸಿದುಕೊಳ್ಳುತ್ತಾರೆ. ಎಲ್ಲಾ ಕಡೆ ದೇವರ ಗಾಳಿ ಬೀಸುತ್ತದೆ ಅನ್ನುವ ಜಾತಿ ಇವರದು.

ಸಂಜೆಯವರೆಗೆ ಕಾದೆ. ಈ ವರ್ಷ ಕಡ್ಲೆಪುರಿ ಬರಲಿಲ್ಲ. ಕುಚ್ಚು ಕಟ್ಟಲು ಸೀರೆಗಳೂ ಬಂದಿಲ್ಲ. ಅವರ ಮಗ್ಗದ ಸೀರೆಗಳ ಸೆರಗಿಗೆ ನಾನೇ ಅಲ್ಲವೇ ಕುಚ್ಚು ಕಟ್ಟಿಕೊಡುವುದು? ಹೋದ ತಿಂಗಳು ಕೊಟ್ಟದ್ದರಲ್ಲಿ ಒಂದು ಸೀರೆ ಮಾತ್ರ ನನ್ನ ಹತ್ತಿರ ಉಳಿದಿದೆ. ಅದನ್ನು ಬೇಕೆಂದೇ ಮುಗಿಸದೆ ಇಟ್ಟಿದ್ದೇನೆ.

13 ಅಕ್ಟೋಬರ್, ಭಾನುವಾರ

ಮಗ್ಗ ನಿಲ್ಲಲಿಲ್ಲ.

ಗಂಟೆ ಹೊಡೆಯಿತು. ನಾನು ಹಾರ್ಮೋನಿಯಂ ಮುಂದೆ ಕೂತೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂತ ಕಾದೆ. ಟಕಾಟಕ್ ಟಕಾಟಕ್. ಮೊದಲನೆಯ ಕೀರ್ತನೆ ಹಾಡುವಾಗ ನಮ್ಮ ರಾಗ ಅದರ ತಾಳಕ್ಕೆ ಸಿಕ್ಕಿ ಓಡತೊಡಗಿತು. ಮಕ್ಕಳು ನಕ್ಕರು. ದೊಡ್ಡವರು ಯಾರೂ ನಗಲಿಲ್ಲ. ಇವರು ಪ್ರಸಂಗ ಮಾಡಲು ನಿಂತಾಗ ಅರ್ಧ ಮಾತು ಗೋಡೆಯೇ ನುಂಗಿತು. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗಾದರೂ ನಿಲ್ಲುತ್ತದೆ ಅಂದುಕೊಂಡೆ. ಇವರು ರೊಟ್ಟಿ ಮುರಿಯುವಾಗ ನನಗೆ ಅಳುವೇ ಬಂದುಬಿಟ್ಟಿತು.

ಹೊರಗೆ ಬಂದ ಮೇಲೆ ಪ್ರಭುದಾಸ್, "ನೋಡಿ, ಪೂಜೆಗೆ ಅಡ್ಡ ಬಂದ್ರೆ ಹಿಂಗೇ ಆಗೋದು" ಅಂದರು. ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಇವರಿಗೆ ನೇರವಾಗಿಯೇ ಅಂದೆ: "ರೀ, ನಿಮ್ಮ ತತ್ವದಿಂದ ನೆಂಟಸ್ತಿಕೆ ಥರ ಇದ್ದ ಮನೆ ದೂರ ಆಯ್ತು. ಈಗ ಸಂತೋಷನಾ?" ಇವರು ಅನ್ನ ಕಲಸುತ್ತಲೇ ಇದ್ದರು. ಆಮೇಲೆ, "ವೆಂಕಟರಮಣಪ್ಪ ಅಷ್ಟಕ್ಕೆಲ್ಲಾ ಮುನಿಸ್ಕೊಳ್ಳೋ ಮನುಷ್ಯ ಅಲ್ಲ. ಹೋಗಿ ಮಾತಾಡ್ತೀನಿ" ಅಂದರು. ಸಂಜೆ ಹೋದರು. ಎಜಮಾನ್ರು ಇಲ್ಲ ಅಂತ ಶೆಡ್ಡಿನ ಬಾಗಿಲಲ್ಲೇ ಯಾರೋ ಹೇಳಿ ಕಳಿಸಿದರಂತೆ. ಅವರ ಸ್ಕೂಟರ್ ಮಾತ್ರ ಅಲ್ಲೇ ನಿಂತಿತ್ತಂತೆ.

16 ಅಕ್ಟೋಬರ್, ಬುಧವಾರ

ನಿದ್ದೆಯಿಲ್ಲ. ಹಸಿವಿಲ್ಲ. ಮೋಟಾರ್ ಬೈಕು ಗೇಟಿನ ಮುಂದೆ ನಿಧಾನ ಮಾಡಿದರೆ ಸಾಕು, ಕಿಟಕಿಗೆ ಓಡುತ್ತೇನೆ. ಬರೆಯಲು ಇನ್ನೇನೂ ಇಲ್ಲ.

19 ಅಕ್ಟೋಬರ್, ಶನಿವಾರ

ಎಸ್ತೇರಮ್ಮಜ್ಜಿ ಹಾಸಿಗೆ ಹಿಡಿದಿದ್ದಾರೆ. ಡಾಕ್ಟರು, ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರಂತೆ. ಇವರ ಜೊತೆ ನಾನೂ ಹೋಗಿದ್ದೆ. ಮೊದಲೇ ಸಣ್ಣ ಜೀವ, ಈಗ ಕಂಬಳಿಯ ಕೆಳಗೆ ಯಾರೂ ಇಲ್ಲದ ಹಾಗಿದೆ.

ನನ್ನ ಕೈ ಹಿಡಿದುಕೊಂಡು ಕೇಳಿದರು: "ಅಮ್ಮಾವ್ರೇ, ನನ್ನ ಯಾವ್ ಕಡೆಯಿಂದ ಎತ್ಕೊಂಡ್ ಹೋಗ್ತೀರಾ?"

"ಯಾಕಜ್ಜಿ ಈಗ ಆ ಮಾತು?"

"ಮಗ್ಗ ನಿಲ್ಲಿಸ್ದೇ ಇರೋರು ಹೊಲದ ಮೇಲೆ ಬಿಡ್ತಾರಾ? ನಮ್ಮೆಜಮಾನ್ರ ಪಕ್ಕ ಜಾಗ ಬಿಟ್ಟವ್ರೆ ನನ್ಗೆ. ಅಲ್ಲಿಗೆ ಸೇರಿಸ್ಬಿಡಿ. ಬೇರೆ ಊರ್ನಾಗೆ ಎಲ್ಲೋ ಒಬ್ಳನ್ನೇ ಹಾಕ್ಬೇಡಿ."

ಮಗ್ಗ ನಿಲ್ಲಿಸುತ್ತಿದ್ದವರು ಈಗ ನಿಲ್ಲಿಸುತ್ತಿಲ್ಲ ಅನ್ನುವುದು ಅವರಿಗೂ ಹೊಳೆದಿದೆ. ನಾವೆಲ್ಲ ಕಿವುಡಿ ಅಂದುಕೊಂಡಿದ್ದೆವು! ಇವರು ಪ್ರಾರ್ಥನೆ ಮಾಡಲು ಕಣ್ಣು ಮುಚ್ಚಿದರು.

24 ಅಕ್ಟೋಬರ್, ಗುರುವಾರ

ಇವತ್ತು ಜಗಳವಾಡಿದೆ. ಮದುವೆಯಾದಾಗಿನಿಂದ ಇಷ್ಟು ಗಂಟಲು ಎತ್ತಿರಲಿಲ್ಲ.

"ಆ ಮುದುಕಿ ಮುಖ ನೋಡಿದ್ರಾ? ನಾಳೆ ಉಸಿರು ನಿಂತ್ರೆ ಪೆಟ್ಟಿಗೆ ಹೊತ್ಕೊಂಡು ಎಲ್ಲಿಗೆ ಹೋಗ್ತೀರಾ? ವೆಂಕಟರಮಣಪ್ಪನೋರ ಹೊಲದ ಬದುವಿನ ಮೇಲೆ ನಿಂತು ನಿಮ್ಮ ತತ್ವ ಓದ್ತೀರಾ? ಮುನಿಕೃಷ್ಣನೋರು ಅನೌನ್ಸ್ ಮಾಡಿದ್ರೆ ಮಾರನೇ ದಿನವೇ ಜೆಸಿಬಿ ಬರುತ್ತಂತೆ. ಎರಡು ನಿಮಿಷದ ಪ್ರಾರ್ಥನೆ. ನಿಮ್ಮ ಗಂಟೇನು ಹೋಗುತ್ತೆ?"

ಇವರು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ನಿಂತರು. ತಿರುಗಿ ಬಂದು, "ಆಯ್ತು. ಬರ್ತೀನಿ ಅಂತ ಮುನಿಕೃಷ್ಣನೋರ್ಗೆ ಹೇಳ್ತೀನಿ" ಅಂದರು. ನನ್ನೆದುರಿಗೇ ಫೋನು ಮಾಡಿದರು. ಪ್ರಭುದಾಸ್ ಅವರಿಗೂ ಮಾಡಿದರು. ಆ ಕಡೆಯಿಂದ "ದೇವರಿಗೆ ಸ್ತೋತ್ರ, ದೇವರಿಗೆ ಸ್ತೋತ್ರ" ಅನ್ನುವುದು ನನಗೂ ಕೇಳಿಸಿತು.

ಗೆದ್ದೆ. ಇವರಿಗೆ ಇಷ್ಟ ಅಂತ ಅವರೆಕಾಳು ಹುಳಿ ಮಾಡಿದೆ. ಮುದ್ದೆಯನ್ನು ಅರ್ಧ ಮುರಿದು ಅಲ್ಲೇ ಬಿಟ್ಟು ಎದ್ದರು. ಬಿಳಿ ಅಂಗಿಯನ್ನು ತಾವೇ ಇಸ್ತ್ರಿ ಗಾಡಿಗೆ ಕೊಟ್ಟು ಬಂದರು. ಬೆನ್ನು ಬಾಗಿಸಿ ನಡೆಯುತ್ತಿದ್ದರು. ನನಗೂ ಅನ್ನ ಸೇರಲಿಲ್ಲ. ಯಾಕೋ ಗೊತ್ತಿಲ್ಲ.

30 ಅಕ್ಟೋಬರ್, ಬುಧವಾರ

ಮೊನ್ನೆ ಭಾನುವಾರವೂ ಮಗ್ಗ ಓಡಿತು. ಇನ್ನು ತಡೆಯಲಾಗಲಿಲ್ಲ. ಉಳಿದಿದ್ದ ಸೀರೆಗೆ ಕುಚ್ಚು ಕಟ್ಟಿ ಮುಗಿಸಿ, ಅದನ್ನೇ ನೆಪ ಮಾಡಿಕೊಂಡು ಅಂಜನಮ್ಮನ ಮನೆಗೆ ಹೋದೆ. ಬಾಗಿಲಲ್ಲೇ ನಿಂತರು. ಬಾ ಅನ್ನಲಿಲ್ಲ. ಸೀರೆ ಇಸಿದುಕೊಂಡು ಕುಚ್ಚು ನೋಡುವ ಹಾಗೆ ತಲೆ ತಗ್ಗಿಸಿದರು.

ನಾನೇ ಶುರು ಮಾಡಿದೆ. "ಅಂಜನಮ್ಮ, ನಮ್ಮನೆಯೋರು ನಿಮ್ಮ ಪೂಜೆ ಬೇಡ ಅಂದಿದ್ದಲ್ಲ ಕಣ್ರೀ. ಅವರ ಪ್ರಾರ್ಥನೇನೂ ಬೇಡ ಅಂದಿದ್ದು."

"ಅಯ್ಯೋ, ಪೂಜೆ ಮಾತು ಯಾರಿಗ್ ಬೇಕಮ್ಮ! ನಮ್ಮೆಜಮಾನ್ರು ಅದನ್ನ ಕೇಳಿ ನಕ್ಬಿಟ್ರು. 'ಅಯ್ನೋರು ನಮ್ಮನೆ ಪ್ರಸಾದ ತಿನ್ನೋರು, ಅವ್ರು ಹಂಗಂದಿರಲ್ಲ' ಅಂದ್ರು. ಹೊಲದಾಗೆ ಕಲ್ಲು ನೆಡ್ಸಿದ್ರಲ್ಲ, ಅದಕ್ಕೇನ್ ಹೇಳ್ತೀಯ?"

"ಯಾವ ಕಲ್ಲು?"

"ಏನೂ ಅರೀದೋಳ್ ಥರ ಆಡ್ಬೇಡ ಪ್ರಮೋದಾ. ಹಬ್ಬಕ್ ಮುಂಚೆ ಸರ್ವೇಯೋರು ಬಂದು ರಾಗಿ ತುಳ್ದು, ಕೆಂಪು ಬಣ್ಣ ಬಳ್ದಿರೋ ಕಲ್ಲು ನೆಟ್ಟು ಹೋದ್ರು. ಕೇಳಿದ್ರೆ, ಚರ್ಚ್‌ನೋರ್ ರಸ್ತೆ, ಹೊಲದ ಮಧ್ಯಾನೇ ಹೋಗೋದು ಅಂದ್ರು. ನಮ್ಮಾವನ ಕಾಲದಿಂದ ನಿಮ್ಮ ಹೆಣ ನಮ್ಮ ಹೊಲದ ಮೇಲೇ ಹೋಗ್ತಿತ್ತು. ಒಂದ್ ದಿನಾನಾದ್ರೂ ಬೇಲಿ ಹಾಕಿದ್ವಾ? ಗೋಡೆ ಪಕ್ಕ ನಿಂತು ಕೇಳಿದ್ರೆ ಕೊಡ್ತಿರ್ಲಿಲ್ವಾ? ಸರ್ಕಾರದೋರ್ನ ಕರ್ಕೊಂಡ್ ಬಂದು ಕಿತ್ಕೋಬೇಕಿತ್ತಾ?"

ಸೀರೆ ಹಿಡಿದುಕೊಂಡು ಒಳಗೆ ಹೋದರು. ಹೇಗೆ ಮನೆ ಸೇರಿದೆನೋ.

ಪ್ರಭುದಾಸ್ ಅವರಿಗೆ ಫೋನು ಮಾಡಿದೆ. ಮೊದಲು ತಡವರಿಸಿದರು. ಆಮೇಲೆ ಒಪ್ಪಿಕೊಂಡರು. "ಕೆರೆ ಏರಿ ಮೇಲೆ ಆಗಲ್ಲಂತೆ ಅಮ್ಮಾವ್ರೇ. ಹೊಲದ ಮೇಲೆ ಹಾಕ್ಸಿ ಕೊಡ್ತೀನಿ, ನೀವು ಸುಮ್ನಿರಿ ಅಂತ ಮುನಿಕೃಷ್ಣನೋರೇ ಅಂದ್ರು. ಅಯ್ನೋರ್ಗೆ ಹೇಳಿದ್ರೆ ಬೇಡ ಅಂದ್ಬಿಡ್ತಾರೆ ಅಂತ..."

ಇವರು ಎಲ್ಲವನ್ನೂ ಕೇಳಿ ಕುರ್ಚಿಯಲ್ಲಿ ಕುಸಿದರು. ಈಗಲಾದರೂ ಹೋಗುವುದಿಲ್ಲ ಅನ್ನುತ್ತಾರೆ ಅಂದುಕೊಂಡೆ. ಇಲ್ಲ. "ಮಾತು ಕೊಟ್ಟಾಯ್ತು ಪ್ರಮೋದಾ. ಆಮಂತ್ರಣದಲ್ಲಿ ಹೆಸರೂ ಬಂದಿದೆ. ಈಗ ಇಲ್ಲ ಅಂದ್ರೆ ಎರಡು ಕಡೆನೂ ಬಾಗಿಲು ಮುಚ್ಚುತ್ತೆ. ಎಸ್ತೇರಮ್ಮನ್ನ ಎತ್ತೋಕೆ ಯಾರ ಹತ್ರ ಹೋಗ್ಲಿ? ಪ್ರಾರ್ಥನೆ ಮಾಡಿ ಬರ್ತೀನಿ. ಕಲ್ಲಿನ ವಿಚಾರ ಆಮೇಲೆ ಅವರನ್ನೇ ಕೇಳ್ಕೋತೀನಿ. ನೀನೇ ತಾನೆ ಹೇಳಿದ್ದು, ಎರಡು ನಿಮಿಷ ಅಂತ?"

ನನ್ನ ಮಾತನ್ನೇ ನನ್ನ ಮುಂದೆ ಇಟ್ಟರೆ ಏನು ಹೇಳಲಿ?

1 ನವೆಂಬರ್, ಶುಕ್ರವಾರ

ಇವತ್ತು ಬೆಳಿಗ್ಗೆ ಬಟ್ಟೆ ಒಗೆದೆ. ಬಿಳಿ ಅಂಗಿಯ ಕಾಲರ್ ಕೊಳೆಯಾಗಿತ್ತು. ಇಸ್ತ್ರಿ ಆಗಿ ಬಂದಿತ್ತು, ನಿಜ. ಇಸ್ತ್ರಿ ಆದ ಮಾತ್ರಕ್ಕೆ ಕೊಳೆ ಹೋಗುತ್ತದೆಯೇ? ಹತ್ತು ಜನ ನೋಡುವ ಬಟ್ಟೆ. ಸೋಪಿನ ನೀರಿನಲ್ಲಿ ನೆನೆಹಾಕಿದೆ. ನೀಲಿ ಸ್ವಲ್ಪ ಜಾಸ್ತಿ ಬಿತ್ತು.

ಇವರು ಸ್ನಾನ ಮಾಡಿ ಬಂದು, "ಪ್ರಮೋದಾ, ಅಂಗಿ ಎಲ್ಲಿ?" ಅಂದರು.

"ನೆನೆಹಾಕಿದ್ದೀನಿ."

"ಇವತ್ತಾ?"

"ಕೊಳೆಯಾಗಿತ್ತು."

"ಹಳೇದು?"

"ಹೊಲಿಗೆ ಬಿಚ್ಚಿದ್ದೀನಿ."

ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಬೈಯುತ್ತಾರೆ ಅಂತ ನಾನು ಸೆರಗು ಬಿಗಿ ಮಾಡಿಕೊಂಡು ನಿಂತಿದ್ದೆ. ಬೈಯಲಿಲ್ಲ. ಒಳಗೆ ಹೋಗಿ ಚೌಕಳಿ ಶರ್ಟು ಹಾಕಿಕೊಂಡು ಬಂದರು. "ನಡಿ, ನೀನೂ ಬಾ" ಅಂದರು.

ಸಮುದಾಯ ಭವನದ ಮುಂದೆ ಶಾಮಿಯಾನ, ಕೆಂಪು ಹಳದಿ ಬಾವುಟ, ಹೋಮದ ಹೊಗೆ. ಇವರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಮುನಿಕೃಷ್ಣ ಅವರ ಕಡೆಯವರೊಬ್ಬರು ಓಡಿ ಬಂದು, "ಅಯ್ನೋರೇ, ಸ್ಟೇಜಿಗೆ ಬನ್ನಿ, ಕಾಯ್ತಾವ್ರೆ. ಅಂಗಿ ಎಲ್ಲಿ?" ಅಂದರು.

"ಒದ್ದೆಯಾಗಿದೆಯಪ್ಪಾ. ಇವತ್ತು ಅಯ್ನೋರು ಬಂದಿಲ್ಲ. ಕಂದಾಯ ಕಟ್ಟೋ ಜಯಕರ ಬಂದಿದ್ದೀನಿ, ಇಲ್ಲೇ ಕೂತ್ಕೋತೀನಿ" ಅಂದರು ಇವರು. ಅಕ್ಕಪಕ್ಕದವರು ತಿರುಗಿ ನೋಡಿದರು. ಮುಂದಿನ ಸಾಲಿನಿಂದ ವೆಂಕಟರಮಣಪ್ಪನವರೂ ತಿರುಗಿ ನೋಡಿದರು. ಆ ಮುಖದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಸ್ಟೇಜಿನ ಮೇಲೆ ಒಂದು ಕುರ್ಚಿ ಕೊನೆಯವರೆಗೂ ಖಾಲಿಯೇ ಇತ್ತು. ರಸ್ತೆಯ ಮಾತು ಬರಲಿಲ್ಲ. ಹೊರಡುವಾಗ ಮುನಿಕೃಷ್ಣ ಅವರು ಹತ್ತಿರ ಬಂದು ಮೆಲ್ಲಗೆ, "ರಸ್ತೆ ಮರ್ತ್ಬಿಡಿ" ಅಂದರು. ಇವರು, "ಆ ಕಲ್ಲು ಕೀಳ್ಸಿ ಸಾರ್, ಸಾಕು" ಅಂದರು.

ಸಂಜೆ ಇಬ್ಬರೂ ವೆಂಕಟರಮಣಪ್ಪನವರ ಶೆಡ್ಡಿಗೆ ಹೋದೆವು. ಅವರು ಮಗ್ಗದ ಮುಂದೆ ಹರಿದ ಎಳೆ ಕಟ್ಟುತ್ತಿದ್ದರು. "ನನಗೆ ಗೊತ್ತಿರ್ಲಿಲ್ಲ. ಆದ್ರೂ ತಪ್ಪು ನಮ್ಮ ಸಭೆದೇ. ಆ ರಸ್ತೆ ನಮಗೆ ಬೇಡ" ಅಂತ ಇವರು ಕೈಮುಗಿದರು. ಅವರು ತಲೆ ಎತ್ತಲಿಲ್ಲ. "ಸರಿ, ಹೋಗ್ಬನ್ನಿ" ಅಂದರು, ಅಷ್ಟೇ.

ರಸ್ತೆಯೂ ಹೋಯಿತು, ಹೊಲವೂ ಹೋಯಿತು. ಎಸ್ತೇರಮ್ಮಜ್ಜಿಗೆ ಏನು ಹೇಳಲಿ?

3 ನವೆಂಬರ್, ಭಾನುವಾರ

ಇವತ್ತೂ ಮಗ್ಗ ನಿಲ್ಲಲಿಲ್ಲ. ಬೆಂಚುಗಳು ಅರ್ಧ ಖಾಲಿ. ಪ್ರಭುದಾಸ್ ಬಂದಿದ್ದರು, ಇವರ ಮುಖ ನೋಡಲಿಲ್ಲ. ಇವರು ಗಂಟಲು ಹರಿಯುವ ಹಾಗೆ ಪ್ರಸಂಗ ಮಾಡಿದರು. ಮಧ್ಯಾಹ್ನ ಮೆಣಸಿನ ಕಷಾಯ ಮಾಡಿಕೊಟ್ಟೆ.

9 ನವೆಂಬರ್, ಶನಿವಾರ

ಎಸ್ತೇರಮ್ಮಜ್ಜಿ ನಿನ್ನೆ ಬೆಳಿಗ್ಗೆ ತೀರಿಕೊಂಡರು. ಇವತ್ತು ಸಮಾಧಿ.

ನಿನ್ನೆ ಇವರು ವೆಂಕಟರಮಣಪ್ಪನವರ ಮನೆಗೆ ಹೋದರೆ ಬೀಗ. ಶೆಡ್ಡಿಗೂ ಬೀಗ. ಫೋನು ತೆಗೆಯಲಿಲ್ಲ. ಕಮಿಟಿಯಲ್ಲಿ ಒಬ್ಬರು ಯಲಹಂಕದ ಕಡೆ ಎಲ್ಲಾದರೂ ಜಾಗ ಕೇಳೋಣ ಅಂದರು. ನನಗೆ ಮೈಯೆಲ್ಲ ಉರಿಯಿತು. "ಅಜ್ಜಿ ನನ್ನ ಕೈ ಹಿಡ್ಕೊಂಡು ಕೇಳಿದ್ದಾರೆ. ಹೊಲದ ಬದುವಿನ ತನಕ ಹೊತ್ಕೊಂಡು ಹೋಗೋಣ. ಬಿಡಲ್ಲ ಅಂದ್ರೆ ಅಲ್ಲೇ ನಿಂತು ಕೇಳೋಣ. ಕೇಳೋಕೇನು ನಾಚಿಕೆ? ಕೇಳ್ದೆ ಇದ್ದಿದ್ದಕ್ಕೇ ತಾನೆ ಇಷ್ಟೆಲ್ಲಾ ಆಗಿದ್ದು?" ಅಂದುಬಿಟ್ಟೆ.

ಹಾಗೇ ಹೊರಟೆವು. ಕೆರೆಯ ಹತ್ತಿರ ಬರುವಷ್ಟರಲ್ಲಿ ನಾನು ಹಿಂದೆ ಬಿದ್ದೆ. ಪೆಟ್ಟಿಗೆ ಹೊತ್ತವರ ಹೆಜ್ಜೆಯೂ ನಿಧಾನವಾಯಿತು. ಮುಂದೆ ನಡೆಯುತ್ತಿದ್ದ ಇವರು ಬದುವಿನ ಮೇಲೆ ನಿಂತುಬಿಟ್ಟರು.

ರಾಗಿ ಹೊಲದಲ್ಲಿ ದಾರಿ ಆಗಿತ್ತು. ಇನ್ನೂ ಪೂರ್ತಿ ಬಲಿಯದ ತೆನೆ, ಕೊಯ್ಲಿಗೆ ಇನ್ನೂ ಸಮಯವಿದೆ. ಪೆಟ್ಟಿಗೆ ಹೊತ್ತವರು ಎರಡು ಕಡೆ ನಡೆಯುವಷ್ಟು ಅಗಲಕ್ಕೆ ಅದನ್ನು ಕೊಯ್ದು, ಹಸಿ ಕಡ್ಡಿಯನ್ನು ಕೆಸರಿನ ಮೇಲೆ ಹಾಸಿದ್ದರು. ಆ ತುದಿಯಲ್ಲಿ ವೆಂಕಟರಮಣಪ್ಪ ಕುಡುಗೋಲು ಹಿಡಿದು ನಿಂತಿದ್ದರು. ಅಂಜನಮ್ಮನ ಸೀರೆಯೆಲ್ಲ ಮಣ್ಣು. ಕಿತ್ತ ಕೆಂಪು ಕಲ್ಲುಗಳು ಬದುವಿನ ಪಕ್ಕ ಬಿದ್ದಿದ್ದವು.

"ಬನ್ನಿ ಅಯ್ನೋರೇ, ನಿಧಾನ. ಎಡಕ್ಕೆ ಗುಂಡಿ ಐತೆ" ಅಂದರು.

ಇವರು ಹೊಲಕ್ಕೆ ಇಳಿದರು. ಪ್ರಭುದಾಸ್ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ, ಹಾಗೇ ಅಳುತ್ತಾ ನಡೆದರು. ನಾನು ಅಂಜನಮ್ಮನ ಹತ್ತಿರ ಹೋಗಿ, "ಹಸೀ ರಾಗಿ ಕಣ್ರೀ" ಅಂದೆ. "ದನಕ್ಕಾಗುತ್ತೆ ಬಿಡು. ಅಜ್ಜಿ ಸುದ್ದಿ ಕೇಳಿ ನಿನ್ನೆಯಿಂದ ಮನೆಗ್ ಬೀಗ ಹಾಕಿ ಇಲ್ಲೇ ಇದ್ದೀವಿ. ಪೆಟ್ಟಿಗೆ ಹೋಗೋವಾಗ ತೆನೆ ಕಾಲಿಗೆ ಸಿಕ್ರೆ ಯಾರಾದ್ರೂ ಬಿದ್ದಾರು" ಅಂದರು.

ಎಸ್ತೇರಮ್ಮಜ್ಜಿಯನ್ನು ಅವರ ಯಜಮಾನರ ಪಕ್ಕದಲ್ಲೇ ಇಟ್ಟೆವು. ಹಿಂದಿರುಗುವಾಗ ವೆಂಕಟರಮಣಪ್ಪ ಇವರನ್ನು ಮೇಲಿಂದ ಕೆಳಗೆ ನೋಡಿ, "ಏನ್ ಅಯ್ನೋರೇ, ಅಂಗಿ ನೀಲಿ ತಿರ್ಗೈತಲ್ಲ?" ಅಂದರು. "ಮನೆಯೋರು ಒಗೆದಿದ್ದು" ಅಂದರು ಇವರು.

10 ನವೆಂಬರ್, ಭಾನುವಾರ

ಗಂಟೆ ಹೊಡೆಯಿತು. ನನ್ನ ಕಿವಿ ಮುಚ್ಚಿಹೋಯಿತೇನೋ ಅಂದುಕೊಂಡೆ. ಮಗ್ಗ ನಿಂತಿತ್ತು. ಹಾರ್ಮೋನಿಯಂ ಮೇಲೆ ಕೈ ಇಟ್ಟು ಸುಮ್ಮನೆ ಕೂತುಬಿಟ್ಟೆ. ಇವರು ಕೆಮ್ಮಿ ಸನ್ನೆ ಮಾಡಿದ ಮೇಲೆ ಕೀರ್ತನೆ ಶುರುಮಾಡಿದೆ.

ಆರಾಧನೆ ಆದ ಮೇಲೆ ಪ್ರಭುದಾಸ್ ಹೊಸದೊಂದು ತಂದರು. ಈ ಸಲ ಬೇರೆ ಪಾರ್ಟಿಯವರು. ನಮ್ಮ ಪರ ಇರುವವರಂತೆ. ಅವರ ದೊಡ್ಡ ಲೀಡರು ಕ್ರಿಸ್ಮಸ್ ಆರಾಧನೆಗೆ ಬಂದು ಪ್ರಸಂಗಪೀಠದಿಂದ ಶುಭಾಶಯ ಹೇಳುತ್ತಾರಂತೆ, ದೇವಾಲಯದ ಸೂರು ರಿಪೇರಿ ಮಾಡಿಸಿಕೊಡುತ್ತಾರಂತೆ. ಇವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಬರ್ಲಿ ಪ್ರಭುದಾಸ್, ಯಾರು ಬೇಡ ಅಂದ್ರು? ಎಲ್ಲಾರ್ ಜೊತೆ ಬೆಂಚ್ ಮೇಲೆ ಕೂತ್ಕೊಂಡು, ಕೇಕ್ ತಿಂದ್ಕೊಂಡು ಹೋಗ್ಲಿ. ಪೀಠಕ್ಕೂ ಅವ್ರ ಪಾರ್ಟಿಗೂ ಏನ್ ಸಂಬಂಧ? ಸೂರು ನಾವೇ ಹಾಕ್ಸೋಣ, ಸೋರಿದ್ರೆ ಕೊಡೆ ಹಿಡ್ಕೊಂಡು ಕೂತ್ಕೊಳ್ಳೋಣ." ಪ್ರಭುದಾಸ್ ಬಾಯಿ ಬಿಟ್ಟುಕೊಂಡು ನಿಂತರು. ಇವರು ಆ ಕಡೆ ತಿರುಗಿ ನಗುತ್ತಿದ್ದರು. ಯಾಕೆ ಅಂತ ಕೇಳಿದರೆ ಏನಿಲ್ಲ ಅಂದರು.

ಇವರ ಈ ಹಟ ಒಂದಲ್ಲ ಒಂದು ದಿನ ನಮ್ಮನ್ನು ಬೀದಿಗೆ ತರುತ್ತದೆ. ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ನಾಳೆ ಡಾಕ್ಟರಮ್ಮನ ಹತ್ತಿರ ಹೋಗಿ ಬಿಪಿ ತೋರಿಸಬೇಕು. ಅಂಜನಮ್ಮ ಸೀರೆಗಳನ್ನು ಕಳಿಸಿದ್ದಾರೆ, ಕುಚ್ಚು ಕಟ್ಟಬೇಕು. ಕ್ರಿಸ್ಮಸ್ಸಿಗೆ ಮುಂಚೆ ಇವರ ಹಳೆಯ ಅಂಗಿಗೆ ಮತ್ತೆ ಹೊಲಿಗೆ ಹಾಕಬೇಕು. ಚೆನ್ನಾಗಿದ್ದ ಅಂಗಿಯ ಹೊಲಿಗೆಯನ್ನು ಅವತ್ತು ಯಾಕೆ ಬಿಚ್ಚಿದೆನೋ, ಈಗ ನೆನಪಿಗೇ ಬರುತ್ತಿಲ್ಲ.